ಪ್ರವಾಸಿಯ ಋತುವೂ ನಾಡಿನ ಋತುವೂ

ಪರದೇಶಕ್ಕೆ ಹೋಗಲು ಯಾವ ಕಾಲ ಉತ್ತಮ ಎಂಬ ಪ್ರಶ್ನೆಗೆ ಇಂದು ಸಿದ್ಧ ಉತ್ತರಗಳಿವೆ. ಯುರೋಪಿಗಾದರೆ ಮೇ, ಜೂನ್. ಜಪಾನಿಗಾದರೆ ಚೆರಿ ಹೂ ಅರಳುವ ದಿನಗಳು. ದಕ್ಷಿಣ ಭಾರತಕ್ಕೆ ಬರುವವರಿಗೆ ಅಕ್ಟೋಬರಿನಿಂದ ಫೆಬ್ರವರಿ. ಈ ಉತ್ತರಗಳು ಬರುವವನ ಮೈಗೆ ಯಾವುದು ಹಿತವೆಂಬುದನ್ನಷ್ಟೇ ಗಮನಿಸುತ್ತವೆ. ಆ ತಿಂಗಳುಗಳಲ್ಲಿ ಆ ನಾಡಿನ ಜನ ಏನು ಮಾಡುತ್ತಿರುತ್ತಾರೆ, ಎಲ್ಲಿರುತ್ತಾರೆ ಎಂಬುದು ಅವುಗಳಿಗೆ ಬೇಕಾಗಿಲ್ಲ. ಪ್ರವಾಸಿಯ ಮಟ್ಟಿಗೆ ಇದು ಕ್ಷಮ್ಯ. ಆದರೆ ಪ್ರವಾಸಕಥನಗಳನ್ನು ಇತಿಹಾಸದ ಆಕರಗಳೆಂದು ಬಳಸುವ ಸಂಶೋಧಕರೂ ಬಂದವನು ಯಾವ ಋತುವಿನಲ್ಲಿ ಬಂದನೆಂದು ಕೇಳದೆ ಅವನ ಮಾತನ್ನು ಉದ್ಧರಿಸುತ್ತಿರುವುದು ಕ್ಷಮ್ಯವಲ್ಲ.

ಹಿಂದಿನವರಿಗೆ ಋತುವೆಂಬುದು ಆಯ್ಕೆಯ ವಿಷಯವಾಗಿರಲಿಲ್ಲ; ಗಾಳಿ ಬೀಸಿದಾಗ ಹೊರಡಬೇಕಿತ್ತು. ತೈಮೂರನ ಮಗ ಶಾಹರುಖನ ರಾಯಭಾರಿಯಾಗಿ 1442ರಲ್ಲಿ ಹೆರಾತಿನಿಂದ ಹೊರಟ ಅಬ್ದುರ್ ರಜಾಕನು ಹೊರ್ಮುಜಿನಲ್ಲಿ ತಡೆಯಲ್ಪಟ್ಟು, ಹಡಗೇರುವ ಹೊತ್ತಿಗೆ ಕಡಲಯಾನದ ಕಾಲ ಮೀರುತ್ತ ಬಂದಿತ್ತು. ಅರಬ್ ಕರಾವಳಿಯ ಬೇಸಿಗೆಯಲ್ಲಿ ತಿಂಗಳುಗಟ್ಟಲೆ ಸಿಲುಕಿ ಬಿದ್ದ ಅವನು ಕಾಯಿಲೆಯಿಂದ ನರಳಿದ. ಜೊತೆಯಲ್ಲಿದ್ದ ಅಣ್ಣನನ್ನು ಕಳೆದುಕೊಂಡ. ಗಾಳಿ ತಿರುಗಿದ ಮೇಲೆ ಕಲ್ಲಿಕೋಟೆಗೆ ಬಂದು, 1443ರ ಏಪ್ರಿಲ್ ಕೊನೆಯ ಹೊತ್ತಿಗೆ ವಿಜಯನಗರವನ್ನು ಮುಟ್ಟಿದ. ಆ ಹಂಪೆಯ ವೈಭವವರ್ಣನೆಯನ್ನು ಉದ್ಧರಿಸುವ ಪುಸ್ತಕಗಳು ನಮ್ಮಲ್ಲಿ ಹೇರಳ. ಆ ವರ್ಣನೆಯ ಹಿಂದಿರುವ ತಪ್ಪಿಹೋದ ಋತುವಿನ ದುಃಖವನ್ನು ನೆನೆಯುವವು ವಿರಳ.

ಅವನ ಬರಹದಲ್ಲಿ ಹೆಚ್ಚು ಬೆಳಕು ಬಿದ್ದಿರುವುದು ಮಹಾನವಮಿಯ ಮೇಲೆ. ಕೃಷ್ಣದೇವರಾಯನ ಕಾಲದಲ್ಲಿ ಬಂದ ಪೋರ್ಚುಗೀಸ್ ಪ್ರವಾಸಿ ದೊಮಿಂಗೊ ಪಾಯೆಸ್ ವಿಸ್ತರಿಸಿ ಬರೆದದ್ದೂ ಅದೇ ಹಬ್ಬವನ್ನು. ಮಳೆ ಹಿಂದೆ ಸರಿದು, ದಾರಿ ಒಣಗಿ, ನಾಯಕರೆಲ್ಲ ತಮ್ಮ ದಂಡಿನೊಡನೆ ರಾಜಧಾನಿಯಲ್ಲಿ ನೆರೆದು ಅರಸನ ಮುಂದೆ ಹಾಜರಾಗುತ್ತಿದ್ದ ದಿನಗಳವು. ವರ್ಷದಲ್ಲಿ ಆ ಪಟ್ಟಣ ಅತ್ಯಂತ ತುಂಬಿರುತ್ತಿದ್ದ ಗಳಿಗೆಯದು. ನಮ್ಮ ಪಠ್ಯಪುಸ್ತಕಗಳು ಚಿತ್ರಿಸುವ ವಿಜಯನಗರ ಬಹುಮಟ್ಟಿಗೆ ಆ ಒಂಬತ್ತು ದಿನಗಳ ವಿಜಯನಗರ. ಉಳಿದ ದಿನಗಳಲ್ಲಿ ಅದೇ ಬೀದಿ ಹೇಗಿತ್ತೆಂದು ಕೇಳುವ ಪ್ರೌಢಪ್ರಬಂಧಗಳು ಇನ್ನೂ ಬರಬೇಕಾಗಿವೆ.

ಪದಗಳೂ ಮೋಸ ಮಾಡುತ್ತವೆ. ರಷ್ಯದ ತ್ವೇರ್ ಪಟ್ಟಣದ ವರ್ತಕ ಅಫನಾಸಿ ನಿಕಿತಿನ್ 1469ರ ಸುಮಾರಿಗೆ ಬಹಮನಿ ರಾಜ್ಯಕ್ಕೆ ಬಂದವನು. ಬೀದರಿನಲ್ಲಿ ಬಹುಕಾಲ ಇದ್ದು, ವಜ್ರದ ಪ್ರಸಂಗದಲ್ಲಿ ರಾಯಚೂರನ್ನೂ ಹೆಸರಿಸಿದ್ದಾನೆ. ಜುನ್ನರಿನಲ್ಲಿ ಚಳಿಗಾಲ ಕಳೆದೆನೆಂದು ಬರೆಯುವ ಅವನು ಅಲ್ಲಿ ಚಳಿಗಾಲ ಟ್ರಿನಿಟಿ ಹಬ್ಬದಿಂದ ಮೊದಲಾಗುತ್ತದೆ ಎನ್ನುತ್ತಾನೆ. ಆ ಹಬ್ಬ ಬರುವುದು ಮೇ ಅಥವಾ ಜೂನಿನಲ್ಲಿ. ಹಗಲಿರುಳು ನಾಲ್ಕು ತಿಂಗಳ ಮಳೆ, ಎಲ್ಲೆಲ್ಲೂ ಕೆಸರು, ಜನ ಉಳುವುದು ಬಿತ್ತುವುದು ಆಗಲೇ ಎಂಬ ವಿವರಗಳನ್ನು ನೋಡಿದರೆ ಅವನ ಚಳಿಗಾಲವು ನಮ್ಮ ಮುಂಗಾರಲ್ಲದೆ ಬೇರೆಯಲ್ಲ. ವಸಂತ ಅಕ್ಟೋಬರ್ ಆರಂಭದ ಮೇರಿಮಾತೆಯ ಹಬ್ಬದಿಂದ ಬರುತ್ತದೆಂದೂ ಅವನು ಹೇಳುತ್ತಾನೆ. ಅವನ ಮಟ್ಟಿಗೆ ಚಳಿಗಾಲವೆಂದರೆ ನಡೆಯುವವನು ನಿಲ್ಲಬೇಕಾದ ಕಾಲ. ಅದೇ ನಾಲ್ಕು ತಿಂಗಳು ಜೈನ ಮುನಿಗಳೂ ವರ್ಷಾಯೋಗದಲ್ಲಿ ಒಂದೆಡೆ ನಿಲ್ಲುತ್ತಾರೆ. ಆದರೆ ಕಾರಣ ಬೇರೆ. ಅಲ್ಲಿ ಗಣನೆಗೆ ಬರುವುದು ನಡೆಯುವವನ ಕಷ್ಟವಲ್ಲ, ಮಳೆಗೆ ಹುಟ್ಟಿ ನೆಲದ ಮೇಲೆ ಹರಿದಾಡುವ ಜೀವಿಗಳು. ಹೋಗುವ ಕಾಲವನ್ನು ಹೋಗುವವನ ಅನುಕೂಲದಿಂದಲ್ಲದೆ, ಹೋಗುವ ನೆಲದ ಕಡೆಯಿಂದ ನಿರ್ಧರಿಸಿದ ನಿಯಮ ಇದಕ್ಕಿಂತ ಸ್ಪಷ್ಟವಾದುದು ಸಿಗಲಾರದು.

ಇನ್ನು ರಾಯಚೂರಿನ ಬೇಸಿಗೆ. 1520ರ ಮೇ ತಿಂಗಳಲ್ಲಿ ಕೃಷ್ಣದೇವರಾಯ ಮತ್ತು ಆದಿಲಶಾಹಿಯ ಸೈನ್ಯಗಳು ಈ ದೋಆಬಿನಲ್ಲಿ ಎದುರಾದವು. ಕ್ರಿಸ್ತೊವಾವೊ ದ ಫಿಗರೇದೊ ಎಂಬ ಪೋರ್ಚುಗೀಸನು ತನ್ನ ಕೋವಿಯವರೊಡನೆ ಕೋಟೆಯ ಮುತ್ತಿಗೆಯಲ್ಲಿದ್ದ. ಮುಂದೆ ಇದನ್ನು ಬರೆದ ಕುದುರೆ ವ್ಯಾಪಾರಿ ನ್ಯೂನಿಜ್ ಆನೆ ಕುದುರೆಗಳ ಲೆಕ್ಕದ ನಡುವೆ ಒಂದು ವಿವರ ಕೊಡುತ್ತಾನೆ: ದಂಡಿನವರು ಬಾಯಾರಿ ಸಾಯದಿರಲೆಂದು ಹತ್ತು ಹನ್ನೆರಡು ಸಾವಿರ ಮಂದಿ ತೊಗಲಿನ ಚೀಲಗಳಲ್ಲಿ ನೀರು ಹೊತ್ತು ದಾರಿಯುದ್ದಕ್ಕೂ ನಿಲ್ಲುತ್ತಿದ್ದರು. ಸಂಖ್ಯೆಯಲ್ಲಿ ಉತ್ಪ್ರೇಕ್ಷೆಯಿರಬಹುದು, ಬಾಯಾರಿಕೆಯಲ್ಲಿಲ್ಲ. ಆ ಯುದ್ಧದ ಬಗ್ಗೆ ಬರೆಯುವವರು ಫಿರಂಗಿಗಳನ್ನು ಎಣಿಸಿದಷ್ಟು ಆಸಕ್ತಿಯಿಂದ ಈ ನೀರಿನವರನ್ನು ಎಣಿಸಿಲ್ಲ. ರಾಯಚೂರು ಸೀಮೆಯನ್ನು ಮೇ ತಿಂಗಳಲ್ಲಿ ಕಂಡವರಿಗಷ್ಟೇ ಆ ವಾಕ್ಯದ ತೂಕ ತಿಳಿದೀತು.

ಕನ್ನಡಿಗರು ಹೊರಗೆ ಹೋಗಿ ಬರೆದ ಕಥನಗಳಿಗೂ ಇದೇ ಪ್ರಶ್ನೆ ಹಾಕಬೇಕು. 1936ರಿಂದ ಆಕ್ಸ್‌ಫರ್ಡಿನಲ್ಲಿ ಓದುತ್ತಿದ್ದ ವಿ.ಕೃ. ಗೋಕಾಕರಿಗೆ ಇಂಗ್ಲೆಂಡಿನ ಋತುಚಕ್ರವೆಲ್ಲ ಎದುರಾಗಿತ್ತು. ‘ಸಮುದ್ರದಾಚೆಯಿಂದ’ ಬರೆದ ಕೈ ಅಲ್ಲಿಯ ನಿವಾಸಿಯದು. ರಜೆಯಲ್ಲಿ ಮೂರು ವಾರ ಹೋಗಿಬಂದು ಬರೆಯುವ ಇಂದಿನ ಲೇಖಕರ ಪಶ್ಚಿಮದಲ್ಲಿ ಸದಾ ಬಿಸಿಲಿರುತ್ತದೆ, ಉದ್ಯಾನಗಳಲ್ಲಿ ಸದಾ ಹೂವಿರುತ್ತದೆ. ಮಧ್ಯಾಹ್ನ ನಾಲ್ಕಕ್ಕೇ ಕತ್ತಲಾಗುವ ಡಿಸೆಂಬರು ಅಲ್ಲಿಲ್ಲ.

ಮಾನ್ವಿ ತಾಲ್ಲೂಕಿನ ನೀರಮಾನ್ವಿಯ ಹೆಸರಿನಲ್ಲಿಯೇ ನೀರಿದೆ. ತುಂಗಭದ್ರಾ ಅಣೆಕಟ್ಟಿನ ಎಡದಂಡೆ ನಾಲೆಯ ಕೊನೆಯ ಭಾಗಕ್ಕೆ ನೀರು ಮುಟ್ಟಲಿಲ್ಲವೆಂಬ ಕೂಗು ಮಾತ್ರ ಈ ತಾಲ್ಲೂಕಿನಲ್ಲಿ ಹಳೆಯದು. ಇತ್ತ ಬರಲು ಡಿಸೆಂಬರ್, ಜನವರಿ ಪ್ರಶಸ್ತವೆಂದು ಯಾರನ್ನು ಕೇಳಿದರೂ ಹೇಳುತ್ತಾರೆ: ಗಾಳಿ ತಂಪು, ಜೋಳ ತೆನೆಗಟ್ಟಿರುತ್ತದೆ. ಆದರೆ ದೇವದುರ್ಗ, ಲಿಂಗಸುಗೂರಿನ ಕಡೆಯ, ಮಾನ್ವಿಯ ನೀರು ಕಾಣದ ಹಳ್ಳಿಗಳ ಕೂಲಿಯವರು ಗುಳೆ ಹೊರಡುವುದೂ ಆ ತಿಂಗಳುಗಳಲ್ಲೇ. ಮುದುಕರು, ಅವರ ಬಳಿ ಬಿಟ್ಟುಹೋದ ಮಕ್ಕಳು, ಬೀಗ ಹಾಕಿದ ಬಾಗಿಲುಗಳು ಉಳಿಯುತ್ತವೆ. ವಿಶ್ವವಿದ್ಯಾಲಯಗಳ ಕ್ಷೇತ್ರಕಾರ್ಯವೂ ಹವೆ ಹಿತವೆಂಬ ಕಾರಣಕ್ಕೆ ಇದೇ ಅವಧಿಗೆ ಬೀಳುವುದುಂಟು. ಹಂತಿ ಪದ, ಬೀಸುವ ಪದ ಹಾಡುವವರು ಈ ಭಾಗದಲ್ಲಿ ಮುಗಿದುಹೋದರು ಎಂದು ವರದಿ ಬರೆಯುವ ಮುನ್ನ ಆ ವಿದ್ಯಾರ್ಥಿಗಳು ಮುಂಗಾರು ಹಿಡಿದ ಮೇಲೆ, ಬಿತ್ತನೆಗೆ ಜನ ಮರಳಿದಾಗ, ಕೆಸರು ತುಳಿದು ಇನ್ನೊಮ್ಮೆ ಬರಬೇಕು. ಜನವರಿಯಲ್ಲೇ ಬರಬೇಕೆಂದಿದ್ದರೆ ಹಾಡುವ ಹೆಂಗಸನ್ನು ದೇವದುರ್ಗದಲ್ಲಿ ಹುಡುಕುವುದಕ್ಕಿಂತ ಬೆಂಗಳೂರಿನ ಕಟ್ಟಡ ಕೆಲಸದವರ ತಗಡಿನ ಶೆಡ್ಡುಗಳಲ್ಲಿ ಹುಡುಕುವುದು ಮೇಲು.