ತಟ್ಟೆಯ ಸಿಹಿಗೆ ಚೀಟಿ ಬೇಕು, ಕರೆನ್ಸಿ ಪಾಠಕ್ಕೆ ಬೇಡವೇ?



ನಮ್ಮ ಸಂಘದ ಕಾರ್ಯಕಾರಿ ಸಮಿತಿಯು ‘ಮನೆಯಿಂದಲೇ ಆದಾಯ’ ಎಂಬ ಹೆಸರಿನಲ್ಲಿ ಒಂದು ಶನಿವಾರದ ಕಾರ್ಯಾಗಾರವನ್ನು ಯೋಜಿಸಿದೆ. ಬೆಳಗಿನ ಅವಧಿಯಲ್ಲಿ ಟ್ರೇಬೇಕ್, ಅಂದರೆ ತಟ್ಟೆಯಲ್ಲಿ ಬೇಯಿಸಿ ಚೌಕವಾಗಿ ಕತ್ತರಿಸುವ ಸಿಹಿ ಬಾರ್‌ಗಳ ತಯಾರಿಕೆ. ಊಟದ ನಂತರ ‘ಹೊಸಬರಿಗೆ ಎಚ್ಚರಿಕೆಯ ಕರೆನ್ಸಿ ಟ್ರೇಡಿಂಗ್’. ಸುತ್ತಿ ಬಳಸಿ ಹೇಳುವ ಅಗತ್ಯವಿಲ್ಲ: ಬೆಳಗಿನದು ನಡೆಯಲಿ, ಮಧ್ಯಾಹ್ನದ್ದು ರದ್ದಾಗಲಿ. ಸಮಿತಿಯ ಸದಸ್ಯರು ತಮ್ಮ ವಾರಾಂತ್ಯಗಳನ್ನು ಸಂಘಕ್ಕೆ ಧಾರೆ ಎರೆಯುವವರು. ಅವರ ಸದುದ್ದೇಶದ ಬಗ್ಗೆ ನನಗೆ ಎಳ್ಳಷ್ಟೂ ಸಂಶಯವಿಲ್ಲ. ನನ್ನ ಆಕ್ಷೇಪವಿರುವುದು ಸುತ್ತೋಲೆಯಲ್ಲಿರುವ ಒಂದೇ ಒಂದು ಪದದ ಮೇಲೆ. ಆ ಪದ ‘ಎಚ್ಚರಿಕೆ’.

ಎಚ್ಚರಿಕೆಯೆಂದರೇನೆಂಬುದು ನಮ್ಮ ಸಂಘಕ್ಕೆ ತಿಳಿಯದ ವಿಷಯವಲ್ಲ. ರಾಜ್ಯೋತ್ಸವದ ದಿನ ತಿಂಡಿಯ ಮೇಜಿನ ಮೇಲೆ ಇಡುವ ಪ್ರತಿಯೊಂದು ಡಬ್ಬಿಗೂ ಚೀಟಿ ಅಂಟಿಸಬೇಕೆಂಬ ನಿಯಮವನ್ನು ನಾವೇ ಮಾಡಿಕೊಂಡಿದ್ದೇವೆ: ಗೋಧಿ ಇದೆಯೇ, ಹಾಲಿದೆಯೇ, ಗೋಡಂಬಿ ಇದೆಯೇ, ಎಳ್ಳಿದೆಯೇ. ಈ ದೇಶದ ಕಾನೂನು 14 ಬಗೆಯ ಅಲರ್ಜಿಕಾರಕ ಪದಾರ್ಥಗಳನ್ನು ಪಟ್ಟಿ ಮಾಡಿದೆ. ಮಾರುವ ಸ್ಥಳದಲ್ಲಿಯೇ ಮೊದಲೇ ಕಟ್ಟಿಟ್ಟ ತಿನಿಸಿನ ಮೇಲೆ ಎಲ್ಲ ಪದಾರ್ಥಗಳ ವಿವರವಿರಬೇಕೆಂಬುದು 2021ರ ಅಕ್ಟೋಬರ್ 1ರಿಂದ ಕಡ್ಡಾಯವಾಗಿದೆ. 2016ರಲ್ಲಿ, ಒಳಗೆ ಎಳ್ಳಿದೆಯೆಂದು ತಿಳಿಯದೆ ಬ್ರೆಡ್ಡನ್ನು ತಿಂದು ಪ್ರಾಣ ಕಳೆದುಕೊಂಡ 15 ವರ್ಷದ ನತಾಶಾಳ ಹೆಸರಿನಿಂದಲೇ ಆ ಕಾನೂನನ್ನು ಇಲ್ಲಿಯ ಜನ ಕರೆಯುತ್ತಾರೆ. ಯಾವಾಗಲೋ ಒಮ್ಮೆ ಧರ್ಮಾರ್ಥವಾಗಿ ಇಡುವ ಮೇಜಿಗೆ ಇಷ್ಟೊಂದು ಕಟ್ಟುಪಾಡು ಅನ್ವಯಿಸುವುದಿಲ್ಲ. ಆದರೂ ನಮ್ಮ ಮಕ್ಕಳು ತಿನ್ನುವ ಪದಾರ್ಥವೆಂದು ನಾವಾಗಿಯೇ ಅದನ್ನು ಪಾಲಿಸುತ್ತೇವೆ. ಒಂದು ಪೌಂಡಿನ ಸಿಹಿಗೆ ಇಷ್ಟು ಕಾಳಜಿ ವಹಿಸುವ ಸಂಘ, ಸಾವಿರಾರು ಪೌಂಡು ಕರಗಬಲ್ಲ ಪಾಠಕ್ಕೆ ಯಾವ ಚೀಟಿಯನ್ನು ಅಂಟಿಸಿದೆ? ಸುತ್ತೋಲೆಯನ್ನು ಎರಡು ಬಾರಿ ಓದಿದೆ. ಚೀಟಿ ಇಲ್ಲ.

ಆ ಚೀಟಿಯಲ್ಲಿ ಇರಬೇಕಾದದ್ದು ಗುಟ್ಟೇನಲ್ಲ. ಐರೋಪ್ಯ ಒಕ್ಕೂಟದ ಮಾರುಕಟ್ಟೆ ನಿಯಂತ್ರಕ ಸಂಸ್ಥೆಯಾದ ಎಸ್ಮಾ 2018ರಲ್ಲಿ ಪ್ರಕಟಿಸಿದ ಮಾಹಿತಿಯ ಪ್ರಕಾರ, ಸಿಎಫ್‌ಡಿ ಎಂಬ ಕರಾರುಗಳ ಮೂಲಕ ವ್ಯವಹರಿಸುವ ಸಾಮಾನ್ಯ ಗ್ರಾಹಕರ ಖಾತೆಗಳಲ್ಲಿ ಶೇಕಡಾ 74ರಿಂದ 89ರಷ್ಟು ನಷ್ಟ ಅನುಭವಿಸುತ್ತವೆ. ನಮ್ಮಂಥವರು ಮೊಬೈಲಿನಲ್ಲಿ ಮಾಡುವ ಕರೆನ್ಸಿ ವ್ಯವಹಾರ ಬಹುಮಟ್ಟಿಗೆ ಇದೇ ಜಾತಿಯದು. ಬ್ರಿಟನ್ನಿನ ಫೈನಾನ್ಷಿಯಲ್ ಕಂಡಕ್ಟ್ ಅಥಾರಿಟಿಯು 2019ರ ಆಗಸ್ಟ್ 1ರಿಂದ ಇಂತಹ ಕರಾರುಗಳಿಗೆ ಶಾಶ್ವತ ಮಿತಿಗಳನ್ನು ವಿಧಿಸಿತು. ಗ್ರಾಹಕರಲ್ಲಿ ಶೇಕಡಾ ಎಷ್ಟು ಮಂದಿ ಹಣ ಕಳೆದುಕೊಳ್ಳುತ್ತಾರೆಂಬುದನ್ನು ಪ್ರತಿಯೊಂದು ಕಂಪನಿಯೂ ತನ್ನ ಜಾಹೀರಾತಿನಲ್ಲಿ ಹೇಳಲೇಬೇಕು. ಲಾಭಕ್ಕಾಗಿಯೇ ಕುಳಿತ ಕಂಪನಿಗಳು ಕಾನೂನಿಗೆ ಅಂಜಿಯಾದರೂ ಹೇಳುವ ಸತ್ಯವನ್ನು, ಸೇವೆಗೆಂದು ಹುಟ್ಟಿದ ಸಂಘದ ಸುತ್ತೋಲೆ ಹೇಳದಿರುವುದು ಶೋಭೆಯಲ್ಲ.

ಈಗ ಲೆಕ್ಕಕ್ಕೆ ಬರೋಣ. ಪ್ರಮುಖ ಕರೆನ್ಸಿ ಜೋಡಿಗಳಿಗೆ ಇಲ್ಲಿ ಅನುಮತಿಯಿರುವ ಲೆವರೇಜ್ ಒಂದಕ್ಕೆ ಮೂವತ್ತು. ಅಂದರೆ 1,000 ಪೌಂಡು ಇಟ್ಟವರು 30,000 ಪೌಂಡಿನ ವ್ಯವಹಾರಕ್ಕೆ ಕೈ ಹಾಕಬಹುದು. ದರ ಶೇಕಡಾ ಒಂದರಷ್ಟು ಎದುರು ದಿಕ್ಕಿಗೆ ಸರಿದರೆ 300 ಪೌಂಡು ಹೋಯಿತು. ಶೇಕಡಾ 1.67ರಷ್ಟು ಸರಿದರೆ 500 ಹೋಗಿ, ನಿಯಮದಂತೆ ಕಂಪನಿಯೇ ವ್ಯವಹಾರವನ್ನು ಮುಚ್ಚಿಬಿಡುತ್ತದೆ. ಪೌಂಡು ಎಷ್ಟು ಸರಿಯಬಲ್ಲದೆಂಬುದನ್ನು ಇಲ್ಲಿ ವಾಸಿಸುವ ನಮಗೆ ಯಾರೂ ಹೇಳಿಕೊಡಬೇಕಿಲ್ಲ. 2016ರ ಜೂನ್‌ನಲ್ಲಿ ಬ್ರೆಕ್ಸಿಟ್ ಮತ ಎಣಿಕೆಯ ರಾತ್ರಿ ಅದು ಸುಮಾರು 1.50 ಡಾಲರಿನಿಂದ 1.33ರ ಕೆಳಗೆ ಕುಸಿಯಿತು. 2022ರ ಸೆಪ್ಟೆಂಬರ್ 26ರಂದು 1.04ರ ಕೆಳಗೂ ಇಳಿಯಿತು. ಊರಿಗೆ ಹಣ ಕಳುಹಿಸಬೇಕಾಗಿದ್ದವರು ಆ ವಾರ ಮೊಬೈಲನ್ನು ಎಷ್ಟು ಬಾರಿ ನೋಡಿಕೊಂಡರೋ!

‘ಅದಕ್ಕಾಗಿಯೇ ಎಚ್ಚರಿಕೆಯ ಟ್ರೇಡಿಂಗ್ ಎಂದಿರುವುದು’ ಎಂಬ ಉತ್ತರ ಬರುತ್ತದೆಂದು ಬಲ್ಲೆ. ಅದನ್ನು ನ್ಯಾಯವಾಗಿಯೇ ಪರಿಶೀಲಿಸೋಣ. ಎಚ್ಚರಿಕೆಯ ಸೂತ್ರಗಳು ಪ್ರಸಿದ್ಧವಾಗಿಯೇ ಇವೆ: ಒಂದು ವ್ಯವಹಾರದಲ್ಲಿ ಬಂಡವಾಳದ ಶೇಕಡಾ ಒಂದಕ್ಕಿಂತ ಹೆಚ್ಚನ್ನು ಒಡ್ಡಬಾರದು, ಸಣ್ಣ ಲಾಟ್‌ಗಳಲ್ಲಿಯೇ ಕೊಳ್ಳಬೇಕು, ಸ್ಟಾಪ್‌ಲಾಸ್ ಇಡಬೇಕು, ಮೊದಲು ಡೆಮೊ ಖಾತೆಯಲ್ಲಿ ಕೈ ಪಳಗಿಸಬೇಕು. ಸೂತ್ರಗಳು ತಪ್ಪಲ್ಲ. ಆದರೆ ಅವು ಮಾಡುವುದಿಷ್ಟೇ: ಹಣ ಹೋಗುವ ವೇಗವನ್ನು ತಗ್ಗಿಸುತ್ತವೆ, ಹೋಗುವ ದಿಕ್ಕನ್ನು ಬದಲಿಸುವುದಿಲ್ಲ. ಕಂಪನಿಯ ಶೇರು ಕೊಂಡರೆ ಅದರ ಹಿಂದೆ ದುಡಿಯುವ ಕಾರ್ಖಾನೆಯಿದೆ. ಬ್ಯಾಂಕಿನ ಠೇವಣಿಗೆ ಬಡ್ಡಿ ಹುಟ್ಟುತ್ತದೆ. ಪೌಂಡು-ಡಾಲರ್ ಜೋಡಿಯ ಅಲ್ಪಾವಧಿಯ ಏರಿಳಿತದ ಮೇಲೆ ಇಟ್ಟ ಹಣದಿಂದ ಏನೂ ಉತ್ಪತ್ತಿಯಾಗುವುದಿಲ್ಲ. ಒಬ್ಬನ ಲಾಭ ಇನ್ನೊಬ್ಬನ ನಷ್ಟ. ಕೊಳ್ಳುವ ದರಕ್ಕೂ ಮಾರುವ ದರಕ್ಕೂ ನಡುವಿನ ಅಂತರ, ರಾತ್ರಿ ಉಳಿಸಿಕೊಂಡರೆ ತೆರಬೇಕಾದ ಶುಲ್ಕ ಇವೆರಡೂ ಪ್ರತಿ ಬಾರಿಯೂ ನಮ್ಮ ಕೈಯಿಂದಲೇ ಕಳೆಯುತ್ತವೆ. ಎದುರಿಗೆ ಕುಳಿತವರಾದರೂ ಯಾರು? ದಿನಕ್ಕೆ ಸುಮಾರು 7.5 ಲಕ್ಷ ಕೋಟಿ ಡಾಲರ್ ವಹಿವಾಟು ನಡೆಯುತ್ತದೆಂದು 2022ರ ಅಂತರರಾಷ್ಟ್ರೀಯ ಸಮೀಕ್ಷೆ ತೋರಿಸಿದ ಈ ಮಾರುಕಟ್ಟೆಯಲ್ಲಿ ಲೋಕದ ದೊಡ್ಡ ಬ್ಯಾಂಕುಗಳು, ಅವುಗಳ ಗಣಕಯಂತ್ರಗಳು. ಸಂಜೆ ಮಕ್ಕಳನ್ನು ಮಲಗಿಸಿ ಲ್ಯಾಪ್‌ಟಾಪ್ ತೆರೆಯುವ ನಮ್ಮ ಸದಸ್ಯೆ ಅವುಗಳೊಡನೆ ಸೆಣಸಬೇಕು.

ಸ್ಟಾಪ್‌ಲಾಸಿನ ಮಾತು ಬಂತು. ಸ್ವಿಟ್ಜರ್ಲೆಂಡಿನ ಕೇಂದ್ರ ಬ್ಯಾಂಕು ಒಂದು ಯೂರೋಗೆ 1.20 ಫ್ರಾಂಕ್ ಎಂಬ ಕನಿಷ್ಠ ದರವನ್ನು 2011ರಿಂದ ಕಾಯ್ದುಕೊಂಡು ಬಂದಿತ್ತು. ಅದಕ್ಕಿಂತ ಸುರಕ್ಷಿತವಾದ ಪಂದ್ಯವಿಲ್ಲವೆಂದು ಎಷ್ಟೋ ಮಂದಿ ನಂಬಿದ್ದರು. 2015ರ ಜನವರಿ 15ರಂದು ಬ್ಯಾಂಕು ಆ ಮಿತಿಯನ್ನು ಹಠಾತ್ತನೆ ತೆಗೆದುಹಾಕಿತು. ಕೆಲವೇ ನಿಮಿಷಗಳಲ್ಲಿ ಯೂರೋ ಒಂದು ಫ್ರಾಂಕಿಗಿಂತ ಕೆಳಗಿಳಿಯಿತು. 1.19ರಲ್ಲಿ ನಿಲ್ಲಿಸೆಂದು ಆಜ್ಞೆಯಿಟ್ಟವರಿಗೆ 1.19ರಲ್ಲಿ ಕೊಳ್ಳುವವರೇ ಇರಲಿಲ್ಲ. ಲಂಡನ್ನಿನ ಅಲ್ಪಾರಿ ಯುಕೆ ಎಂಬ ಕಂಪನಿ ಮರುದಿನವೇ ದಿವಾಳಿಯೆಂದು ಘೋಷಿಸಿಕೊಂಡಿತು. ಗ್ರಾಹಕರು ಇಟ್ಟದ್ದಕ್ಕಿಂತ ಹೆಚ್ಚು ಕಳೆದುಕೊಳ್ಳದಂತೆ ಈಗ ರಕ್ಷಣೆಯಿದೆ, ನಿಜ. ಇಟ್ಟದ್ದಕ್ಕೆ ರಕ್ಷಣೆಯಿಲ್ಲ.

ನನ್ನ ಮುಖ್ಯ ವಾದ ಇನ್ನೂ ಸರಳವಾದದ್ದು. ಲೆವರೇಜನ್ನು ಮುಟ್ಟದೆ, 1,000 ಪೌಂಡಿನೊಂದಿಗೆ ನಿಜವಾಗಿಯೂ ಎಚ್ಚರಿಕೆಯಿಂದ ವ್ಯವಹರಿಸಿ, ಅದೃಷ್ಟವೂ ಕೂಡಿಬಂದು ವರ್ಷಕ್ಕೆ ಶೇಕಡಾ ಐದು ಗಳಿಸಿದರೆ ಕೈಗೆ ಬರುವುದು 50 ಪೌಂಡು. ಅದನ್ನು ‘ಮನೆಯಿಂದಲೇ ಆದಾಯ’ ಎಂದು ಕರೆಯಲಾಗದು. ತಿಂಗಳಿಗೆ 500 ಬರಬೇಕಾದರೆ ಲೆವರೇಜ್ ಬೇಕೇ ಬೇಕು. ಲೆವರೇಜ್ ಬಂದ ಕ್ಷಣ ಎಚ್ಚರಿಕೆ ಬಾಗಿಲು ದಾಟಿ ಹೋಗಿರುತ್ತದೆ. ಸುತ್ತೋಲೆಯು ಇವೆರಡನ್ನೂ ಒಂದೇ ಸಾಲಿನಲ್ಲಿ ಕೂರಿಸಿ ಮೊಣಕೈಗೆ ಬೆಲ್ಲ ಸವರಿದೆ. ಸ್ಪ್ರೆಡ್ ಬೆಟ್ಟಿಂಗ್ ರೂಪದಲ್ಲಿ ಮಾಡಿದರೆ ಲಾಭಕ್ಕೆ ತೆರಿಗೆಯಿಲ್ಲವೆಂಬ ಇನ್ನೊಂದು ಆಮಿಷವೂ ಅದರಲ್ಲಿದೆ. ತೆರಿಗೆ ಏಕಿಲ್ಲವೆಂದು ಕೇಳಿ ನೋಡಿ. ಈ ದೇಶದ ತೆರಿಗೆ ಇಲಾಖೆ ಅದನ್ನು ಬಾಜಿ ಎಂದು ಪರಿಗಣಿಸುತ್ತದೆ! ಹೆಸರಿನಲ್ಲಿಯೇ ಬೆಟ್ಟಿಂಗ್ ಇದೆ. ಅಂದರ್-ಬಾಹರ್ ಕಲಿಸುವ ಶಿಬಿರವನ್ನು ಸಂಘದ ಹೆಸರಿನಲ್ಲಿ ನಡೆಸುತ್ತೇವೆಯೇ?

ವಯಸ್ಕರು ತಮ್ಮ ಹಣವನ್ನು ತಮಗೆ ತೋಚಿದಂತೆ ಬಳಸಲಿ, ಅದಕ್ಕೆ ನಾನು ಅಡ್ಡ ಬರಲಾರೆ. ಆದರೆ ಸಭಾಂಗಣದಲ್ಲಿ ಭುವನೇಶ್ವರಿಯ ಚಿತ್ರದ ಪಕ್ಕದಲ್ಲಿ ನಿಂತು ಮಾತನಾಡುವವರನ್ನು ನಮ್ಮ ಜನ ಅಪರಿಚಿತರೆಂದು ನೋಡುವುದಿಲ್ಲ. ಪರದೇಶದಲ್ಲಿ ಕನ್ನಡ ಕಿವಿಗೆ ಬಿದ್ದರೆ ನಮ್ಮ ಅನುಮಾನಗಳೆಲ್ಲ ಚಪ್ಪಲಿಯ ಜೊತೆಗೇ ಬಾಗಿಲ ಹೊರಗೆ ಉಳಿಯುತ್ತವೆ. ‘ನಮ್ಮೂರಿನವರು, ಮೋಸ ಮಾಡುವರೇ?’ ಮೋಸವೇ ಇರಬೇಕೆಂದಿಲ್ಲ. ಹೊಸ ಗ್ರಾಹಕರನ್ನು ಕರೆತಂದವರಿಗೆ, ಆ ಗ್ರಾಹಕರು ಮಾಡುವ ಪ್ರತಿ ವ್ಯವಹಾರದ ಮೇಲೂ ಕಮಿಷನ್ ಕೊಡುವುದು ಈ ಉದ್ಯಮದ ಸಾಮಾನ್ಯ ಪದ್ಧತಿ. ಗ್ರಾಹಕ ಗೆದ್ದರೂ ಸೋತರೂ ಆ ಕಮಿಷನ್ ನಿಲ್ಲುವುದಿಲ್ಲ. ಕೇವಲ ಪಾಠ ಹೇಳುವುದಕ್ಕೆ ಕಾನೂನಿನ ಅಡ್ಡಿಯಿಲ್ಲ. ಆದರೆ ಪಾಠದ ಕೊನೆಯಲ್ಲಿ ‘ಈ ಕೊಂಡಿಯಿಂದ ಖಾತೆ ತೆರೆಯಿರಿ’ ಎಂದರೆ, ಅನುಮತಿ ಪಡೆಯದವರು ಹೂಡಿಕೆಗೆ ಆಹ್ವಾನಿಸುವುದನ್ನು ನಿಷೇಧಿಸುವ 2000ನೇ ಇಸವಿಯ ಕಾಯಿದೆಯ 21ನೇ ಸೆಕ್ಷನ್ ಎದುರಾಗುತ್ತದೆ. ಅದನ್ನು ಉಲ್ಲಂಘಿಸುವುದು ಸೆರೆವಾಸಕ್ಕೂ ಎಡೆಮಾಡಿಕೊಡಬಲ್ಲ ಅಪರಾಧ.

ಝೂಮ್ ಮೂಲಕ ಊರಿನ ಬಂಧುಗಳೂ ಭಾಗವಹಿಸಬಹುದು ಎಂಬ ಸಾಲಂತೂ ನನ್ನನ್ನು ಗಾಬರಿಗೊಳಿಸಿತು. ಮೈಸೂರಿನಲ್ಲಿರುವ ಭಾವಮೈದುನನಿಗೆ ಭಾರತದ ಫೆಮಾ ಕಾಯಿದೆ ಅನ್ವಯಿಸುತ್ತದೆ. ಅಲ್ಲಿಯ ನಿವಾಸಿಗಳು ರಿಸರ್ವ್ ಬ್ಯಾಂಕಿನ ಅಧಿಕೃತ ಸಂಸ್ಥೆಗಳ ಮತ್ತು ಮಾನ್ಯತೆ ಪಡೆದ ವಿನಿಮಯ ಕೇಂದ್ರಗಳ ಮೂಲಕವಲ್ಲದೆ ಇಂತಹ ವ್ಯವಹಾರ ಮಾಡುವಂತಿಲ್ಲ. ಅನಧಿಕೃತ ವೇದಿಕೆಗಳ ಬಗ್ಗೆ ಎಚ್ಚರಿಸುವ ಪಟ್ಟಿಯನ್ನು ರಿಸರ್ವ್ ಬ್ಯಾಂಕು 2022ರ ಸೆಪ್ಟೆಂಬರ್‌ನಲ್ಲಿ 34 ಹೆಸರುಗಳೊಂದಿಗೆ ಆರಂಭಿಸಿತು. ಇಲ್ಲಿ ಪರವಾನಗಿಯಿರುವುದು ಅಲ್ಲಿ ಅಪರಾಧವಾಗಬಹುದು. ಕುಟುಂಬದ ವಾಟ್ಸಾಪ್ ಗುಂಪಿಗೆ ಕೊಂಡಿ ಹಂಚುವ ಮುನ್ನ ಇದನ್ನು ಯಾರಾದರೂ ಯೋಚಿಸಿದರೇ?

ಬೆಳಗಿನ ತರಗತಿಯ ಮಾತೇ ಬೇರೆ. ಫ್ಲಾಪ್‌ಜ್ಯಾಕನ್ನೇ ತೆಗೆದುಕೊಳ್ಳಿ. ಮೊಟ್ಟೆಯಿಲ್ಲದ ತಿನಿಸಾದ್ದರಿಂದ ನಮ್ಮ ಬಹುಪಾಲು ಮನೆಗಳಿಗೆ ಹೊಂದುತ್ತದೆ. ಓಟ್ಸ್ 250 ಗ್ರಾಂ, ಬೆಣ್ಣೆ 125, ಕಂದು ಸಕ್ಕರೆ 125, ಗೋಲ್ಡನ್ ಸಿರಪ್ ಮೂರು ದೊಡ್ಡ ಚಮಚ. ಸಿರಪ್ಪಿನ ಬದಲು ಮಲೆನಾಡಿನ ಜೋನಿ ಬೆಲ್ಲ ಹಾಕಿ, ಒಂದಿಷ್ಟು ಕೊಬ್ಬರಿ ತುರಿ, ಏಲಕ್ಕಿ ಪುಡಿ ಸೇರಿಸಿದರೆ ಇಂಗ್ಲಿಷರ ಈ ತಿಂಡಿ ಅರ್ಧ ನಮ್ಮದಾಗುತ್ತದೆ. ಬೆಣ್ಣೆ, ಸಕ್ಕರೆ, ಬೆಲ್ಲಗಳನ್ನು ಕರಗಿಸಿ ಓಟ್ಸಿಗೆ ಕಲೆಸಿ, 20 ಸೆಂಟಿಮೀಟರಿನ ಚೌಕ ತಟ್ಟೆಯಲ್ಲಿ ಒತ್ತಿ, 180 ಡಿಗ್ರಿಯಲ್ಲಿ ಇಪ್ಪತ್ತು ನಿಮಿಷ. ಅಂಚು ಕೆಂಪಾಗಿ ನಡುಭಾಗ ಇನ್ನೂ ಮೆತ್ತಗಿರುವಾಗಲೇ ಹೊರತೆಗೆಯಬೇಕು, ಆರುತ್ತಾ ಗಟ್ಟಿಯಾಗುತ್ತದೆ. ಬಿಸಿಯಿರುವಾಗ ಗೆರೆ ಎಳೆದು, ಪೂರ್ತಿ ಆರಿದ ಮೇಲೆ ಕತ್ತರಿಸಬೇಕು. ಕೊಬ್ಬರಿ ಮಿಠಾಯಿ ಮಾಡಿದ ಕೈಗೆ ಇದನ್ನು ಹೇಳಿಕೊಡುವುದೇ ಅಧಿಕಪ್ರಸಂಗ. ಕೆಟ್ಟರೆ ಏನಾಗುತ್ತದೆ? ಪುಡಿಮಾಡಿ ಹಾಲಿಗೆ ಹಾಕಿಕೊಂಡು ತಿಂದರಾಯಿತು. ನಷ್ಟ ಒಂದು ತಟ್ಟೆಯಷ್ಟೇ, ಅದೂ ಕಣ್ಣೆದುರಿಗೇ. ತಪ್ಪೆಲ್ಲಾಯಿತೆಂಬುದನ್ನು ನಾಲಗೆಯೇ ಹೇಳುತ್ತದೆ, ಮುಂದಿನ ತಟ್ಟೆ ಸುಧಾರಿಸುತ್ತದೆ. ಕರೆನ್ಸಿಯಲ್ಲಿ ತಪ್ಪು ಮಾಡಿಯೂ ಗೆಲ್ಲಬಹುದು, ಸರಿ ಮಾಡಿಯೂ ಸೋಲಬಹುದು. ಆದ್ದರಿಂದ ಅಲ್ಲಿ ಹೊಸಬರು ಕಲಿಯುವುದು ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ.

ಮಾರಾಟಕ್ಕಿಳಿಯುವವರಿಗೆ ಎರಡು ಸೂಚನೆಗಳು ಮಾತ್ರ. ಮನೆಯಲ್ಲಿ ಬೇಯಿಸಿ ನಿಯಮಿತವಾಗಿ ಮಾರುವುದಾದರೆ 28 ದಿನ ಮೊದಲೇ ಸ್ಥಳೀಯ ಕೌನ್ಸಿಲ್‌ನಲ್ಲಿ ನೋಂದಾಯಿಸಿಕೊಳ್ಳಬೇಕು, ಶುಲ್ಕವಿಲ್ಲ. ವಿದ್ಯಾರ್ಥಿ ವೀಸಾದಲ್ಲಿರುವವರಿಗೆ ಸ್ವಂತ ಉದ್ಯೋಗಕ್ಕೆ ಅನುಮತಿಯಿಲ್ಲ, ಅವರು ತಿನ್ನುವುದಕ್ಕಷ್ಟೇ ಬರಲಿ.

ಮಧ್ಯಾಹ್ನದ ಅವಧಿ ಖಾಲಿಯಾಗುತ್ತದೆಂಬ ಚಿಂತೆ ಬೇಡ. ಕರೆನ್ಸಿಯ ಬಗ್ಗೆ ನಮ್ಮ ಕುಟುಂಬಗಳಿಗೆ ನಿಜವಾಗಿ ಬೇಕಾದ ತಿಳಿವಳಿಕೆ ಬೇಕಾದಷ್ಟಿದೆ. ‘ಶುಲ್ಕವಿಲ್ಲ’ ಎನ್ನುವ ಸೇವೆ ವಿನಿಮಯ ದರದಲ್ಲಿ ಎಷ್ಟನ್ನು ಮುರಿದುಕೊಳ್ಳುತ್ತದೆಂದು ಲೆಕ್ಕ ಹಾಕುವುದು ಹೇಗೆ? ಎನ್‌ಆರ್‌ಇ ಖಾತೆಯ ಬಡ್ಡಿಗೆ ಭಾರತದಲ್ಲಿ ತೆರಿಗೆಯಿಲ್ಲದಿದ್ದರೂ ಇಲ್ಲಿಯ ನಿವಾಸಿಗಳು ಅದನ್ನು ಇಲ್ಲಿ ಘೋಷಿಸಬೇಕೆಂಬುದು ಎಷ್ಟು ಮಂದಿಗೆ ಗೊತ್ತು? ಅಪ್ಪ-ಅಮ್ಮನ ಆಸ್ಪತ್ರೆಯ ಖರ್ಚಿಗೆ ತುರ್ತಾಗಿ ಹಣ ಕಳುಹಿಸುವಾಗ ಯಾವ ದಾರಿ ಅಗ್ಗ? ಸಂಘದಲ್ಲಿ ಲೆಕ್ಕಪರಿಶೋಧಕರಿದ್ದಾರೆ, ಬ್ಯಾಂಕಿನಲ್ಲಿ ದುಡಿಯುವವರಿದ್ದಾರೆ. ಒಂದು ಮಧ್ಯಾಹ್ನ ಸಾಲದು.

ಸಮಿತಿಯು ಇಷ್ಟಾದರೂ ಟ್ರೇಡಿಂಗ್ ತರಗತಿಯನ್ನು ನಡೆಸಿಯೇ ತೀರುವುದಾದರೆ, ಮೂರು ಪ್ರಶ್ನೆಗಳಿಗೆ ಉಪನ್ಯಾಸಕರಿಂದ ಉತ್ತರ ಪಡೆಯಲಿ: ಯಾವುದಾದರೂ ಕಂಪನಿಯಿಂದ ಅವರಿಗೆ ಕಮಿಷನ್ ಬರುತ್ತದೆಯೇ? ಕಳೆದ ಮೂರು ವರ್ಷಗಳ ತಮ್ಮ ಸ್ವಂತ ಖಾತೆಯ ಪೂರ್ಣ ವಿವರವನ್ನು ತೋರಿಸುವರೇ? ತಾವು ಹೆಸರಿಸುವ ಕಂಪನಿಯ ಗ್ರಾಹಕರಲ್ಲಿ ನಷ್ಟಕ್ಕೊಳಗಾದವರ ಪ್ರಮಾಣವನ್ನು ಮೊದಲ ಸ್ಲೈಡಿನಲ್ಲಿಯೇ ದಪ್ಪ ಅಕ್ಷರಗಳಲ್ಲಿ ಹಾಕುವರೇ? ಉತ್ತರಗಳು ಬರಹದಲ್ಲಿರಲಿ, ಸಾಮಾನ್ಯ ಸಭೆಗೆ ಒಂದು ವಾರ ಮೊದಲೇ ಎಲ್ಲ ಸದಸ್ಯರಿಗೂ ತಲುಪಲಿ.