ಗಡ್ಡೆ ಕುಗ್ಗಿದರೆ ಲೆಕ್ಕವೂ ಬದಲು

ಶ್ವಾಸಕೋಶದ ಕ್ಯಾನ್ಸರಿಗೆ ವಿಕಿರಣ ಚಿಕಿತ್ಸೆ ನಡೆಯುತ್ತಿರುವಾಗ ವೈದ್ಯರು ಮತ್ತೊಮ್ಮೆ ಸಿ.ಟಿ. ಸ್ಕ್ಯಾನ್ ಬರೆದುಕೊಟ್ಟರೆ ಮನೆಯವರು ಗಾಬರಿಯಾಗುತ್ತಾರೆ. ರೋಗ ಹೆಚ್ಚಾಯಿತೆ? ಹಾಗೇ ಇರಬೇಕೆಂದಿಲ್ಲ.

ಬೆಂಗಳೂರಿನಲ್ಲಿ 1973ರಲ್ಲಿ ಆರಂಭವಾದ ಕಿದ್ವಾಯಿ ಸಂಸ್ಥೆಯಲ್ಲದೆ ಈಗ ಹೆಬ್ಬಾಳ, ಯಲಹಂಕದ ಆಸ್ಪತ್ರೆಗಳಲ್ಲೂ ಈ ಚಿಕಿತ್ಸೆ ದೊರೆಯುತ್ತದೆ. ಸಾಮಾನ್ಯ ಕ್ರಮವೊಂದರಲ್ಲಿ ದಿನಕ್ಕೆ 2 ಗ್ರೇಯಂತೆ 30 ಕಂತು, ಒಟ್ಟು 60 ಗ್ರೇ. ವಾರಕ್ಕೆ 5 ದಿನವೆಂದರೆ 6 ವಾರ. ಕಿರಣ ಎಲ್ಲಿಂದ, ಎಷ್ಟು ಎಂಬ ಲೆಕ್ಕಕ್ಕೆ ಆಧಾರ ಆರಂಭದ ಸ್ಕ್ಯಾನ್.

ಅಷ್ಟರಲ್ಲಿ ದೇಹವೇ ಬದಲಾಗಬಹುದು. ಗಡ್ಡೆ ಕುಗ್ಗಬಹುದು, ಗಾಳಿಯಾಡದೆ ಕುಸಿದಿದ್ದ ಶ್ವಾಸಕೋಶದ ಭಾಗ ಅರಳಬಹುದು, ರೋಗಿ ಸೊರಗಬಹುದು. ಗಟ್ಟಿ ಗಡ್ಡೆಯಿದ್ದ ಜಾಗದಲ್ಲಿ ಸ್ಪಂಜಿನಂಥ ಶ್ವಾಸಕೋಶ! ಅದರ ಸಾಂದ್ರತೆ ನೀರಿನ ಮೂರರಲ್ಲೊಂದು ಪಾಲಿನಷ್ಟು. ಕಿರಣವನ್ನು ಅಷ್ಟಾಗಿ ತಡೆಯದು. ಆಗ ಹಿಂದಿರುವ ಬೆನ್ನುಹುರಿಗೆ ಲೆಕ್ಕ ಮೀರಿದ ಕಿರಣ ತಾಗೀತು. ಗಡ್ಡೆ ಜರುಗಿದ್ದರೆ ಅದಕ್ಕೇ ಕಡಿಮೆ ಬಿದ್ದೀತು.

ಆದ್ದರಿಂದಲೇ ಹೊಸ ಸ್ಕ್ಯಾನ್, ಹೊಸ ಲೆಕ್ಕ. ಆದರೆ ಗಡ್ಡೆ ಕುಗ್ಗಿತೆಂದು ಗುರಿಯನ್ನೂ ಅಷ್ಟಕ್ಕೇ ಕುಗ್ಗಿಸುವಂತಿಲ್ಲ. ಕಣ್ಣಿಗೆ ಕಾಣದ ಕ್ಯಾನ್ಸರ್ ಕೋಶಗಳು ಸುತ್ತ ಉಳಿದಿರಬಹುದು.

ವೈದ್ಯರ ಜೊತೆ ಕುಳಿತು ಈ ಲೆಕ್ಕ ಹಾಕುವವರು ವೈದ್ಯಕೀಯ ಭೌತವಿಜ್ಞಾನಿಗಳು. ಭೌತಶಾಸ್ತ್ರ ಓದಿದವರಿಗೂ ಆಸ್ಪತ್ರೆಯಲ್ಲಿ ಜೀವ ಉಳಿಸುವ ಕೆಲಸವಿದೆ ಎಂಬುದನ್ನು ವಿದ್ಯಾರ್ಥಿಗಳು ಮರೆಯಬಾರದು.