ರಕ್ತದ ಬಾಟಲಿಯ ಜೊತೆ ಊಟದ ತಟ್ಟೆಯನ್ನೂ ನೋಡೋಣ

ಪರೇಲ್‌ನ ಟಾಟಾ ಮೆಮೋರಿಯಲ್ 1941ರಲ್ಲಿ ಶುರುವಾದ ಆಸ್ಪತ್ರೆ. ಕ್ಯಾನ್ಸರ್ ಎಂದ ಕೂಡಲೇ ಊರಿನ ಎಷ್ಟೋ ಮಂದಿ ಇಂದಿಗೂ ಮುಂಬಯಿಯ ರೈಲು ಹತ್ತುತ್ತಾರೆ, ನಮ್ಮ ನಿಮ್ಮ ಮನೆಗಳಲ್ಲಿ ಉಳಿಯುತ್ತಾರೆ. ನಮ್ಮ ಸಂಘ-ಸಂಸ್ಥೆಗಳೂ ಕೈಕಟ್ಟಿ ಕೂತಿಲ್ಲ. ರಕ್ತದಾನ ಶಿಬಿರ ನಡೆಯುತ್ತದೆ, ವೈದ್ಯಕೀಯ ನಿಧಿಯಿಂದ ಚೆಕ್ಕು ಹೋಗುತ್ತದೆ. ಆದರೆ ರೋಗಿ ಏನು ಉಂಡರು ಎಂದು ಕೇಳುವವರು ಕಡಿಮೆ. ನಾನೂ ಕೇಳಿದವನಲ್ಲ.

2018ರಲ್ಲಿ ಕುಂದಾಪುರ ಕಡೆಯಿಂದ ನನ್ನ ಭಾವ ದೊಡ್ಡ ಕರುಳಿನ ಕ್ಯಾನ್ಸರ್ ಚಿಕಿತ್ಸೆಗೆಂದು ಡೊಂಬಿವಲಿಯ ನಮ್ಮ ಮನೆಗೆ ಬಂದರು. ಆಪರೇಷನ್ ಮುಗಿದು ಕಿಮೋ ನಡೆಯುತ್ತಿತ್ತು. ಮೀನು ನಂಜು, ಮೊಟ್ಟೆ ನಂಜು, ಬದನೆ ನಂಜು ಎಂದು ಅಕ್ಕ ಮೂರು ಹೊತ್ತೂ ಕುಚ್ಚಲಕ್ಕಿ ಗಂಜಿ, ಉಪ್ಪಿನಕಾಯಿ ಕೊಡುತ್ತಿದ್ದಳು. ರಕ್ತ ಕಡಿಮೆಯಾಗಿದೆ ಎಂದು ತಿಳಿದಾಗ ನಾನು ಬ್ಯಾಂಕಿನಿಂದ ಬರುವಾಗ ಬೀಟ್‌ರೂಟ್ ತಂದೆ. ಕೆಂಪಾಗಿರುವುದೆಲ್ಲ ರಕ್ತವಾಗುತ್ತದೆ ಎಂಬ ನಂಬಿಕೆ ನಮ್ಮದು! ಅದರಲ್ಲಿ ಇರುವ ಕಬ್ಬಿಣಾಂಶ ಅಲ್ಪ. ಎರಡು ತಿಂಗಳಲ್ಲಿ ಭಾವನ ತೂಕ 58 ಕಿಲೋದಿಂದ 51ಕ್ಕೆ ಇಳಿಯಿತು, ಹಿಮೋಗ್ಲೋಬಿನ್ 7.6ಕ್ಕೆ ಬಂತು. ಕಿಮೋ ಮುಂದಕ್ಕೆ ಹೋಯಿತು. ಎರಡು ಬಾಟಲಿ ರಕ್ತ ಕೊಟ್ಟಾಗ ಏರಿತು. ಮೂರು ವಾರದಲ್ಲಿ ಮತ್ತೆ ಇಳಿಯಿತು.

ಆಗ ಆಸ್ಪತ್ರೆಯ ಆಹಾರ ತಜ್ಞೆ ಹಿಂದಿನ ದಿನ ತಿಂದದ್ದನ್ನೆಲ್ಲ ಕೇಳಿ ಬರೆದುಕೊಂಡರು. ಪ್ರೋಟೀನ್ 20 ಗ್ರಾಂ ಕೂಡ ದಾಟಿರಲಿಲ್ಲ. ಇಂಥ ರೋಗಿಗೆ ತೂಕದ ಪ್ರತಿ ಕಿಲೋಗೆ ಕನಿಷ್ಠ 1 ಗ್ರಾಂ, ಸಾಧ್ಯವಾದರೆ 1.5 ಗ್ರಾಂ ಬೇಕು. ಲೆಕ್ಕ ಬರೆದೇ ಬದುಕಿದ ನನಗೆ ನಾಚಿಕೆಯಾಯಿತು.

ಹಿಮೋಗ್ಲೋಬಿನ್ ಗಂಡಸರಿಗೆ 13ಕ್ಕಿಂತ, ಹೆಂಗಸರಿಗೆ 12ಕ್ಕಿಂತ ಕಡಿಮೆ ಇದ್ದರೆ ರಕ್ತಹೀನತೆ. ಕ್ಯಾನ್ಸರ್ ರೋಗಿಗಳಲ್ಲಿ ಅದಕ್ಕೆ ಕಾರಣ ಒಂದಲ್ಲ. ಗಡ್ಡೆಯಿಂದ ರಕ್ತ ಸೋರಬಹುದು. ಕಿಮೋ ಔಷಧಿ ರಕ್ತ ಹುಟ್ಟುವ ಅಸ್ಥಿಮಜ್ಜೆಯನ್ನೇ ಕುಗ್ಗಿಸುತ್ತದೆ. ಬಾಯಿಹುಣ್ಣು, ವಾಕರಿಕೆಯಿಂದ ಊಟ ಸೇರದೆ ಕಬ್ಬಿಣ, ಫೋಲಿಕ್ ಆಮ್ಲ, ಬಿ12 ಕೊರತೆಯಾಗುತ್ತದೆ. ಇನ್ನೊಂದು ವಿಚಿತ್ರವೂ ಇದೆ. ರೋಗದ ಉರಿಯೂತದಿಂದಾಗಿ ಯಕೃತ್ತಿನಲ್ಲಿ ಹೆಪ್ಸಿಡಿನ್ ಎಂಬ ಹಾರ್ಮೋನು ಹೆಚ್ಚಾಗಿ, ಮೈಯಲ್ಲಿರುವ ಕಬ್ಬಿಣವನ್ನು ದಾಸ್ತಾನಿನಲ್ಲೇ ತಡೆಹಿಡಿಯುತ್ತದೆ. ನಮ್ಮ ಬ್ಯಾಂಕಿನ ಭಾಷೆಯಲ್ಲಿ ಹೇಳುವುದಾದರೆ ಖಾತೆಯಲ್ಲಿ ಹಣವಿದೆ, ಚೆಕ್ಕು ಪಾಸಾಗುವುದಿಲ್ಲ. ಆದುದರಿಂದ ಮೆಡಿಕಲ್ ಅಂಗಡಿಯಿಂದ ಕಬ್ಬಿಣದ ಮಾತ್ರೆ ತಂದು ನುಂಗಿಸುವುದು ಜಾಣತನವಲ್ಲ. ಯಾವುದರ ಕೊರತೆ ಎಂದು ಡಾಕ್ಟರರೇ ಪರೀಕ್ಷಿಸಿ ಹೇಳಬೇಕು. ಊಟದಿಂದಲೇ ಎಲ್ಲ ಸರಿಯಾಗುತ್ತದೆ ಎಂದೂ ನಾನು ಹೇಳುತ್ತಿಲ್ಲ. ಆದರೆ ಸೊರಗಿದ ಮೈಗೆ ಹೊಸ ರಕ್ತ ಮಾಡಿಕೊಳ್ಳಲೂ ಕಷ್ಟ, ಕಿಮೋ ತಾಳಿಕೊಳ್ಳಲೂ ಕಷ್ಟ.

ಆಮೇಲೆ ಡಾಕ್ಟರರು ಕಬ್ಬಿಣಾಂಶವನ್ನು ಡ್ರಿಪ್ ಮೂಲಕ ಕೊಟ್ಟರು. ಮನೆಯಲ್ಲಿ ಚೆನ್ನಾಗಿ ಬೇಯಿಸಿದ ಎರಡು ಮೊಟ್ಟೆ, ಹಾಲು, ಗಟ್ಟಿ ತೊವ್ವೆ, ಖಾರವಿಲ್ಲದ ಬಂಗುಡೆ ಸಾರು ಶುರುವಾಯಿತು. ಒಮ್ಮೆಗೇ ಅಲ್ಲ, ಎರಡೆರಡು ಗಂಟೆಗೆ ಸ್ವಲ್ಪ ಸ್ವಲ್ಪ. ಚಹಾ ಕಬ್ಬಿಣಾಂಶ ಮೈಗೆ ಹತ್ತದಂತೆ ತಡೆಯುವುದರಿಂದ ಊಟದ ಬೆನ್ನಿಗೇ ಕುಡಿಯುವ ಚಹಾ ನಿಂತಿತು. "ನಂಜಾದರೆ ನೀನೇ ಹೊಣೆ" ಎಂದು ಅಕ್ಕ ಎರಡು ದಿನ ನನ್ನೊಡನೆ ಮಾತಾಡಲಿಲ್ಲ. ನಂಜೇನೂ ಆಗಲಿಲ್ಲ. ಮೂರು ತಿಂಗಳ ಮೇಲೆ ತೂಕ 54, ಹಿಮೋಗ್ಲೋಬಿನ್ 10.2. ಉಳಿದ ಕಿಮೋ ಮುಗಿಯಿತು.

ನಮ್ಮ ಸಂಘಗಳಿಗೆ ನನ್ನದೊಂದು ವಿನಂತಿ. ವೈದ್ಯಕೀಯ ನಿಧಿಯಲ್ಲಿ ಒಂದು ಪಾಲನ್ನು ರೋಗಿಗಳ ಆಹಾರಕ್ಕೆಂದೇ ಇಡಬೇಕು. ಎರಡು ಮೊಟ್ಟೆ, ಅರ್ಧ ಲೀಟರ್ ಹಾಲಿಗೆ ದಿನಕ್ಕೆ ಐವತ್ತು-ಅರವತ್ತು ರೂಪಾಯಿ. ಸಸ್ಯಾಹಾರಿಗಳಿಗೆ ಹೆಸರುಕಾಳು, ಪನೀರು, ಶೇಂಗಾ ಆದೀತು. ವಾರ್ಷಿಕೋತ್ಸವದಲ್ಲಿ ನಾವು ಹೊದಿಸುವ ಶಾಲು, ಹಣ್ಣಿನ ಬುಟ್ಟಿ, ಸ್ಮರಣಿಕೆಗಳಲ್ಲಿ ನಾಲ್ಕನ್ನು ಕಡಿಮೆ ಮಾಡಿದರೂ ಒಬ್ಬ ರೋಗಿಯ ಕೆಲವು ತಿಂಗಳ ಖರ್ಚು ಕಳೆಯುತ್ತದೆ. (ಸನ್ಮಾನಿತರು ಮುನಿಸಿಕೊಳ್ಳಬಾರದು. ನನ್ನ ಕಪಾಟಿನಲ್ಲೂ ಎರಡು ಶಾಲುಗಳಿವೆ.) ನೆರವಿನ ಅರ್ಜಿಯಲ್ಲಿ ಆಸ್ಪತ್ರೆಯ ಬಿಲ್ಲಿನ ಜೊತೆಗೆ ರೋಗಿಯ ತೂಕವನ್ನೂ ಬರೆಸಿಕೊಂಡು, ಪ್ರತಿ ಹದಿನೈದು ದಿನಕ್ಕೊಮ್ಮೆ ಯಾರಾದರೂ ಮನೆಗೆ ಹೋಗಿ ನೋಡಬೇಕು. ಇಳಿಯುತ್ತಿದ್ದರೆ ತಡಮಾಡದೆ ಆಸ್ಪತ್ರೆಯ ಆಹಾರ ತಜ್ಞರ ಬಳಿ ಕಳುಹಿಸಬೇಕು.

ನಮ್ಮ ಸಂಘದ ಮುಂದಿನ ಸಮಿತಿ ಸಭೆಯಲ್ಲಿ ಈ ವಿಷಯವನ್ನು ಇಡಲಿದ್ದೇನೆ. ತೂಕದ ಯಂತ್ರ ನಾನೇ ಕೊಡುತ್ತೇನೆ.